ದೊಡ್ಡ ಕೇಕಿನ ಹಿಟ್ಟೂ ತೋಳಿನ ದುಡಿಮೆಯೂ

ಪಾಕಗ್ರಂಥಗಳನ್ನು ಇತಿಹಾಸದ ಆಧಾರಗಳೆಂದು ಪರಿಗಣಿಸುವ ಪದ್ಧತಿ ನಮ್ಮಲ್ಲಿ ಇನ್ನೂ ವಿರಳವಾಗಿದೆ. ಶಾಸನಗಳಿಗೂ ಯುದ್ಧವೃತ್ತಾಂತಗಳಿಗೂ ಸಲ್ಲುವ ಗಮನ ಅಡಿಗೆಯ ಅಳತೆಗಳಿಗೆ ಸಲ್ಲುವುದಿಲ್ಲ. ಆದರೆ ಒಂದು ಮನೆಯೊಳಗೆ ದುಡಿಮೆ ಎಷ್ಟಿತ್ತು, ಅದು ಯಾರ ಪಾಲಿಗೆ ಬಂದಿತ್ತು ಎಂಬ ಪ್ರಶ್ನೆಗೆ ಈ ಅಳತೆಗಳು ಕೊಡುವ ಉತ್ತರ ಬಹು ಸ್ಪಷ್ಟವಾದುದು. ಪ್ರಕೃತ ಲೇಖನದಲ್ಲಿ, ಇಂಗ್ಲೆಂಡ್ ಮತ್ತು ಅಮೆರಿಕಗಳ ಮನೆಗಳಲ್ಲಿ ಕೇಕಿನ ಹಿಟ್ಟನ್ನು ಅಧಿಕ ಪ್ರಮಾಣದಲ್ಲಿ ಕಲಸುತ್ತಿದ್ದ ರೀತಿಯನ್ನು ಈ ದೃಷ್ಟಿಯಿಂದ ಪರಿಶೀಲಿಸಲು ಯತ್ನಿಸಿದ್ದೇವೆ.

ಕೇಕು ಹಗುರಾಗಬೇಕಾದರೆ ಅದರ ಹಿಟ್ಟಿನಲ್ಲಿ ಸೂಕ್ಷ್ಮವಾದ ಗುಳ್ಳೆಗಳು ಸೆರೆಯಾಗಿರಬೇಕು. ನಮ್ಮ ಇಡ್ಲಿಯ ಹಿಟ್ಟಿನಲ್ಲಿ ಈ ಕಾರ್ಯವನ್ನು ರಾತ್ರಿಯ ಹುದುಗು ನೆರವೇರಿಸುತ್ತದೆ. ಯೂರೋಪಿನ ಹಳೆಯ ದೊಡ್ಡ ಕೇಕುಗಳೂ ಹೀಗೆಯೇ ಯೀಸ್ಟಿನಿಂದ ಉಬ್ಬುತ್ತಿದ್ದವು. 18ನೆಯ ಶತಮಾನದಲ್ಲಿ ಮಾತ್ರ ಬೆಣ್ಣೆಯನ್ನೂ ಮೊಟ್ಟೆಯನ್ನೂ ಬಡಿದು ಗಾಳಿ ತುಂಬುವ ಕ್ರಮ ಪ್ರಬಲವಾಯಿತು. ಬೆಣ್ಣೆಯನ್ನು ಸಕ್ಕರೆಯೊಡನೆ ತಿಕ್ಕಿ ಕಲಸಿದಾಗ ಸಕ್ಕರೆಯ ಕಣಗಳೊಡನೆ ಗಾಳಿಯೂ ಒಳಸೇರುತ್ತದೆ. ಮೊಟ್ಟೆಯ ಬಿಳಿಯನ್ನು ಬಡಿದಾಗ ಅದರಲ್ಲಿನ ಪ್ರೋಟೀನು ಗುಳ್ಳೆಯ ಸುತ್ತ ಪೊರೆಗಟ್ಟುತ್ತದೆ. ಯೀಸ್ಟು ಮಾಡುತ್ತಿದ್ದ ಕೆಲಸ ಹೀಗೆ ಮನುಷ್ಯರ ತೋಳಿಗೆ ವರ್ಗವಾಯಿತು.

ಈ ತೋಳಿನ ಲೆಕ್ಕ ಹ್ಯಾನ್ನಾ ಗ್ಲಾಸ್ ಎಂಬಾಕೆ 1747ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಪಾಕಗ್ರಂಥದಲ್ಲಿ ದೊರೆಯುತ್ತದೆ. ಬೆಣ್ಣೆ, ಸಕ್ಕರೆ, ಗೋದಿಹಿಟ್ಟು ತಲಾ ಒಂದು ಪೌಂಡು; ಮೊಟ್ಟೆ 12, ಆದರೆ ಬಿಳಿಯ ಭಾಗ ಅರ್ಧ ಮಾತ್ರ. ಇವೆಲ್ಲವನ್ನೂ ಬರಿಗೈಯಿಂದಲೋ ದೊಡ್ಡ ಮರದ ಸೌಟಿನಿಂದಲೋ ಒಂದು ಗಂಟೆಯ ಕಾಲ ಬಡಿಯಬೇಕೆಂದು ಆಕೆ ವಿಧಿಸುತ್ತಾಳೆ. ಒಂದು ಪೌಂಡಿನ ಕೇಕಿಗೇ ಇಷ್ಟು ಶ್ರಮವಾದರೆ ಹಬ್ಬದ ಕೇಕಿನ ಗತಿಯೇನು ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ.

ಇದಕ್ಕೆ ಅಮೆರಿಕದ ಮೊದಲನೆಯ ಅಧ್ಯಕ್ಷನ ಪತ್ನಿ ಮಾರ್ತಾ ವಾಷಿಂಗ್ಟನ್‌ಳ 'ಮಹಾ ಕೇಕು' ಉತ್ತಮ ನಿದರ್ಶನ. ಇದರ ಪಾಕಕ್ರಮವನ್ನು ಆಕೆಗಾಗಿ ಮೊಮ್ಮಗಳು ಬರೆದುಕೊಟ್ಟ ಹಸ್ತಪ್ರತಿ ಉಳಿದುಬಂದಿದೆ. 40 ಮೊಟ್ಟೆ, 4 ಪೌಂಡು ಬೆಣ್ಣೆ, 4 ಪೌಂಡು ಸಕ್ಕರೆ, 5 ಪೌಂಡು ಗೋದಿಹಿಟ್ಟು, 5 ಪೌಂಡು ಹಣ್ಣು. ಮೊಟ್ಟೆಗಳನ್ನು ಬಿಟ್ಟರೂ ಇದು 18 ಪೌಂಡು, ಎಂದರೆ ಸುಮಾರು 8 ಕಿಲೋಗ್ರಾಂ. ನೊರೆಯೆದ್ದ ಬಿಳಿಯನ್ನು ಬೆಣ್ಣೆಗೆ ಒಂದೊಂದೇ ಚಮಚದಂತೆ ಬೆರೆಸಬೇಕೆಂಬ ಸೂಚನೆ ಇಲ್ಲಿ ಗಮನಾರ್ಹವಾದುದು. ಒಮ್ಮೆಗೇ ಸುರಿದರೆ ಮೊಟ್ಟೆಯ ನೀರಿನಂಶ ಬೆಣ್ಣೆಯೊಡನೆ ಕೂಡದೆ ಹಿಟ್ಟು ಒಡೆಯುತ್ತದೆ. ದೊಡ್ಡ ಪ್ರಮಾಣವನ್ನು ಚಿಕ್ಕ ಚಿಕ್ಕ ಭಾಗಗಳಾಗಿ ಸಾಧಿಸುವ ಜಾಣ್ಮೆ ಅಂದೇ ಸಿದ್ಧವಾಗಿತ್ತೆಂಬುದು ಇದರಿಂದ ವಿದಿತವಾಗುತ್ತದೆ.

ಆದರೆ ಆ ಜಾಣ್ಮೆಯೂ ಆ ಶ್ರಮವೂ ಯಾರವು? ಆ ಕುಟುಂಬದ ಮೌಂಟ್ ವರ್ನನ್ ತೋಟದಲ್ಲಿ 1799ರಲ್ಲಿ 317 ಮಂದಿ ಗುಲಾಮರಿದ್ದರು. ಅಡಿಗೆಯ ಮನೆಯಲ್ಲಿ ದುಡಿಯುತ್ತಿದ್ದವರು ಲೂಸಿ, ನೇಥನ್ ಮೊದಲಾದ ಗುಲಾಮರೇ. ಅಲ್ಲಿನ ಪ್ರಸಿದ್ಧ ಬಾಣಸಿಗ ಹರ್ಕ್ಯುಲಿಸ್ 1797ರ ಫೆಬ್ರವರಿಯಲ್ಲಿ ತಪ್ಪಿಸಿಕೊಂಡು ಹೋಗಿ ತನ್ನ ಬಿಡುಗಡೆಯನ್ನು ತಾನೇ ಸಾಧಿಸಿದನು. ಹಸ್ತಪ್ರತಿಯಲ್ಲಿ ಯಜಮಾನಿಯ ಮೊಮ್ಮಗಳ ಹೆಸರಿದೆ. 40 ಮೊಟ್ಟೆಗಳನ್ನು ಬಡಿದವರ ಹೆಸರಿಲ್ಲ.

ತೋಳಿಗೆ ಬದಲಾಗಿ ಕಾಲವನ್ನೇ ದುಡಿಸಿಕೊಳ್ಳುವ ಹಳೆಯ ಮಾರ್ಗವೂ ಅದೇ ಸಮಯದಲ್ಲಿ ಬಳಕೆಯಲ್ಲಿತ್ತು. ಅಮೆಲಿಯಾ ಸಿಮನ್ಸ್‌ಳ ಗ್ರಂಥದ 1796ರ ಎರಡನೆಯ ಆವೃತ್ತಿಯಲ್ಲಿ 'ಚುನಾವಣೆಯ ಕೇಕು' ಬರುತ್ತದೆ. ಅದಕ್ಕೆ ಬೇಕಾದ ಗೋದಿಹಿಟ್ಟು 30 ಕ್ವಾರ್ಟ್. ಕ್ವಾರ್ಟ್ ಎಂಬುದು ಹೆಚ್ಚುಕಡಿಮೆ ಒಂದು ಲೀಟರಿನ ಅಳತೆ. ಜೊತೆಗೆ 10 ಪೌಂಡು ಬೆಣ್ಣೆ, 14 ಪೌಂಡು ಸಕ್ಕರೆ. ಹಿಟ್ಟನ್ನು ಹಾಲು ಯೀಸ್ಟುಗಳೊಡನೆ ಕಲಸಿ ರಾತ್ರಿಯೆಲ್ಲ ಬಿಟ್ಟರೆ, ಬೆಳಿಗ್ಗೆ ಬೆಣ್ಣೆ ಸಕ್ಕರೆಗಳನ್ನು ಅರ್ಧ ಗಂಟೆ ಕಲಸಿದರೆ ಸಾಕು. ಹತ್ತು ಪಟ್ಟು ದೊಡ್ಡದಾದ ಕೇಕಿಗೆ ಗ್ಲಾಸ್ ಹೇಳಿದ ಕಾಲದ ಅರ್ಧದಷ್ಟೇ ಬಡಿತ! ಆದ ಕಾರಣ, ಶ್ರಮವನ್ನು ನಿರ್ಧರಿಸಿದುದು ಪ್ರಮಾಣವೊಂದೇ ಅಲ್ಲ, ಹಿಟ್ಟನ್ನು ಉಬ್ಬಿಸುವ ವಿಧಾನವೂ ಹೌದೆಂದು ಹೇಳಬಹುದು.

19ನೆಯ ಶತಮಾನದಲ್ಲಿ ರಸಾಯನವೂ ಯಂತ್ರವೂ ನೆರವಿಗೆ ಬಂದವು. ಆಲ್ಫ್ರೆಡ್ ಬರ್ಡ್ 1843ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಬೇಕಿಂಗ್ ಪೌಡರನ್ನು ಸಿದ್ಧಪಡಿಸಿದನು. ಟರ್ನರ್ ವಿಲಿಯಮ್ಸ್ 1870ರಲ್ಲಿ ಹಿಡಿಕೆ ತಿರುಗಿಸುವ ಮೊಟ್ಟೆಕಡೆಗೋಲಿಗೆ ಪೇಟೆಂಟ್ ಪಡೆದನು. ಆದರೂ ಸೌಟಿನ ಹಿಟ್ಟು ಸೌಟಿನದಾಗಿಯೇ ಉಳಿಯಿತು. ಗಟ್ಟಿಯಾದ ಭಾರಿ ಹಿಟ್ಟಿಗೆ ಈ ಕಡೆಗೋಲು ಸಾಲದು. ಆ ಕೊರತೆಯನ್ನು ನೀಗಿದುದು ಹರ್ಬರ್ಟ್ ಜಾನ್‌ಸ್ಟನ್ ರೂಪಿಸಿದ ವಿದ್ಯುತ್ ಯಂತ್ರ. ತನ್ನ ಸುತ್ತ ತಾನು ತಿರುಗುತ್ತ, ಪಾತ್ರೆಯ ಒಳಬದಿಯನ್ನೂ ಗ್ರಹದಂತೆ ಸುತ್ತುವ ಅದರ ಕಡೆಗೋಲು ಮೊದಲು ದೊಡ್ಡ ಬೇಕರಿಗಳನ್ನು ಸೇರಿತು. ಮನೆಗಾಗಿ 1919ರಲ್ಲಿ ಬಂದ ಕಿಚನ್‌ಏಡ್ ಯಂತ್ರದ ತೂಕ 65 ಪೌಂಡು, ಬೆಲೆ 189.50 ಡಾಲರು. ಸಾಮಾನ್ಯ ಕುಟುಂಬದ ಕೈಗೆ ಅದು ಎಟುಕುವಂತಿರಲಿಲ್ಲ.

ಯಂತ್ರದಿಂದ ಶ್ರಮ ಇಳಿಯಿತೆಂದು ಹೇಳಿ ಮುಗಿಸುವುದು ಸುಲಭ. ರೂತ್ ಶ್ವಾರ್ಟ್ಸ್ ಕೋವನ್ ಅವರು 1983ರ 'ಮೋರ್ ವರ್ಕ್ ಫಾರ್ ಮದರ್' ಗ್ರಂಥದಲ್ಲಿ ಇದಕ್ಕೆ ಎಚ್ಚರಿಕೆ ನೀಡಿದ್ದಾರೆ. ಕಡೆಗೋಲು ಬಂದ ಮೇಲೆ, ಕೇವಲ ಮೊಟ್ಟೆಯ ನೊರೆಯಿಂದ ಉಬ್ಬುವ 'ಏಂಜಲ್' ಕೇಕಿನಂತಹವು ಮನೆಮನೆಯ ನಿರೀಕ್ಷೆಯಾದವು. ಸಾಧನ ಉಳಿಸಿದ ಶ್ರಮವನ್ನು ಏರಿದ ನಿರೀಕ್ಷೆ ನುಂಗಿತು. ಅದೇ ಕಾಲದಲ್ಲಿ ಆಳುಗಳು ಮನೆಗೆಲಸವನ್ನು ಬಿಟ್ಟು ಹೋದುದರಿಂದ, ಹಿಂದೆ ಹಲವರು ಹಂಚಿಕೊಳ್ಳುತ್ತಿದ್ದ ಕೆಲಸ ಗೃಹಿಣಿಯೊಬ್ಬಳ ಪಾಲಿಗೆ ಬಂದಿತು.

ಒಟ್ಟಿನಲ್ಲಿ, ದೊಡ್ಡ ಕೇಕಿನ ಅಳತೆ ಎಂಬುದು ಆ ಮನೆ ಎಷ್ಟು ತೋಳುಗಳನ್ನು ದುಡಿಸಬಲ್ಲುದಾಗಿತ್ತು ಎಂಬುದರ ಅಳತೆಯೂ ಆಗಿತ್ತೆಂದು ನಾವು ಭಾವಿಸುತ್ತೇವೆ. ಮೂರನೆಯ ಮಂಗರಸನ 'ಸೂಪಶಾಸ್ತ್ರ'ದಂತಹ ನಮ್ಮ ಗ್ರಂಥಗಳನ್ನು ಓದುವಾಗಲೂ ಭಕ್ಷ್ಯಗಳ ಹೆಸರುಗಳನ್ನು ಪಟ್ಟಿಮಾಡಿದರೆ ಸಾಲದು. ಅರೆದವರು, ಕಲಸಿದವರು, ಕಡೆದವರು ಯಾರೆಂಬುದನ್ನೂ ಕೇಳುವುದು ಅವಶ್ಯ.