ಕಥಕಳಿಯ ಕಳರಿಯಲ್ಲಿ ದೇಹರಕ್ಷಣೆ

ಭಾರವಾದ ಕಿರೀಟವನ್ನೂ ಪದರುಪದರಾದ ಉಡುಗೆಯನ್ನೂ ತಾಸುಗಟ್ಟಲೆ ಹೊತ್ತು, ಅಗಲಿಸಿ ಬಾಗಿಸಿದ ಮಂಡಿಗಳಲ್ಲಿ ನಿಂತು, ಪಾದಗಳ ಹೊರಅಂಚಿನ ಮೇಲೆ ಶರೀರದ ತೂಕವನ್ನೆಲ್ಲ ಹಾಕಿ ಕುಣಿಯುವ ಕಥಕಳಿಯ ನಟನನ್ನು ಕಂಡವರು, ಆತನ ಅಭಿನಯಕ್ಕೆ ಬೆರಗಾಗುವಂತೆಯೇ, ಅಂಥ ಶ್ರಮವನ್ನು ಆ ದೇಹವು ತಾಳುವಂತೆ ಮಾಡಿದ ಶಿಕ್ಷಣಕ್ಕೂ ತಲೆಬಾಗಬೇಕು. ಕಲಾವಿದನ ಶರೀರವು ಕೆಟ್ಟ ಮೇಲೆ ಚಿಕಿತ್ಸೆಯನ್ನು ಹುಡುಕುವುದಕ್ಕಿಂತ, ಕೆಡದಂತೆ ಅದನ್ನು ಮೊದಲೇ ಸಿದ್ಧಗೊಳಿಸುವುದೇ ಕಲೆಯ ಮೊದಲ ಪಾಠವೆಂಬ ವಿವೇಕವು ಕೇರಳದ ಕಳರಿಗಳೆಂಬ ಅಭ್ಯಾಸಶಾಲೆಗಳಲ್ಲಿ ಬಹುಕಾಲದಿಂದ ನೆಲೆಗೊಂಡಿದ್ದಿತು.

ಹದಿನೇಳನೆಯ ಶತಮಾನದಲ್ಲಿ ಕೊಟ್ಟಾರಕ್ಕರದ ತಂಬುರಾನನು ರೂಪಿಸಿದನೆಂದು ಪ್ರತೀತಿಯುಳ್ಳ ರಾಮನಾಟ್ಟವೆಂಬ ನೃತ್ಯನಾಟಕದಿಂದ ಕಥಕಳಿಯು ಬೆಳೆದುಬಂದಿತು. ಅದರ ನಟರಲ್ಲಿ ಅನೇಕರು ಆಯುಧಾಭ್ಯಾಸದಲ್ಲಿ ಪಳಗಿದ ನಾಯರ್ ಯೋಧರಾಗಿದ್ದುದರಿಂದ, ಎಣ್ಣೆ ಪೂಸಿ ಮೈಯನ್ನು ಹದಗೊಳಿಸುವ ಯುದ್ಧಶಾಲೆಯ ಪದ್ಧತಿಯು ರಂಗಶಾಲೆಯನ್ನೂ ಹೊಕ್ಕಿತು. ಮುಂದೆ ಕಥಕಳಿಯಲ್ಲಿ ಬೆಳೆದ ವೆಟ್ಟತ್ತು ಎಂಬ ಸಂಪ್ರದಾಯವು ಹಾಡುವ ಹೊಣೆಯನ್ನು ನಟನಿಂದ ತೆಗೆದು ಹಿಂದೆ ನಿಂತ ಭಾಗವತರಿಗೆ ವಹಿಸಿತು. ಈ ಸುಧಾರಣೆಯ ಉದ್ದೇಶ ಅಭಿನಯದ ಉತ್ಕರ್ಷವೇ ಆಗಿದ್ದರೂ, ಕುಣಿತವೂ ಗಾನವೂ ಒಂದೇ ಉಸಿರಿಗಾಗಿ ಪೈಪೋಟಿ ನಡೆಸುವ ಸಂಕಟದಿಂದ ನಟನ ಕಂಠವೂ ಎದೆಯೂ ಪಾರಾದುವೆಂಬುದು ಅದರ ಇನ್ನೊಂದು ಫಲ.

ಈ ಪದ್ಧತಿಯ ತಿರುಳನ್ನು ಕಾಣಬೇಕಾದರೆ ಮಳೆಗಾಲದ ಉಳಿಚ್ಚಿಲ್ ಎಂಬ ಅಂಗಮರ್ದನವನ್ನು ನೋಡಬೇಕು. ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ ಹುಡುಗರು ಮೈಗೆಲ್ಲ ಎಣ್ಣೆ ಬಳಿದುಕೊಂಡು, ಬೆವರು ಕಿತ್ತುಬರುವವರೆಗೆ ನೆಗೆತ ಮೊದಲಾದ ಸಾಧಕಗಳನ್ನು ಮಾಡುವರು. ಬಳಿಕ ಒಬ್ಬೊಬ್ಬರಾಗಿ ಚಾಪೆಯ ಮೇಲೆ ಬೋರಲಾಗಿ, ತೊಡೆಗಳನ್ನು ಅಗಲಿಸಿ ಮಂಡಿಗಳನ್ನು ಹೊರಕ್ಕೆ ಮಡಿಸಿ ಮಲಗುವರು. ಮೇಲಿನ ಅಡ್ಡಗಳುವನ್ನು ಹಿಡಿದು ತನ್ನ ಭಾರವನ್ನು ತಾನೇ ತೂಗಿಕೊಳ್ಳುತ್ತ ಗುರುವು ಅಂಗಾಲಿನಿಂದ ಬೆನ್ನು, ಸೊಂಟ, ತೊಡೆಗಳನ್ನು ಉಜ್ಜುತ್ತಾನೆ. ಎಲ್ಲಿ ಒತ್ತಬೇಕು, ಎಲ್ಲಿ ಜಾರಿಸಬೇಕು ಎಂಬುದನ್ನು ವರ್ಷಾಂತರಗಳ ಅನುಭವವು ಆ ಪಾದಕ್ಕೆ ಕಲಿಸಿರುತ್ತದೆ. ಬಿಗಿದ ಸೊಂಟದ ಕೀಲು ಸಡಿಲವಾಗದೆ ಮಂಡಿಯನ್ನು ಹೊರಕ್ಕೆ ತಿರುಗಿಸ ಹೊರಟರೆ, ಆ ತಿರುಚಿನ ಪೆಟ್ಟೆಲ್ಲ ಮಂಡಿಗೇ ಬೀಳುವುದೆಂದು ಇಂದಿನ ವೈದ್ಯರು ಹೇಳುವುದನ್ನು ನೆನೆದರೆ, ಕುಣಿತದ ನಿಲುವಿಗೆ ಮುನ್ನ ಸೊಂಟವನ್ನು ಸಿದ್ಧಗೊಳಿಸಿದ ಈ ಕ್ರಮದ ಯುಕ್ತತೆ ತಾನೇ ತಿಳಿಯುತ್ತದೆ.

ಈ ಶಿಕ್ಷಣಕ್ಕೆ ಮಳೆಗಾಲವನ್ನೇ ಆರಿಸಿದ್ದೂ ಆಕಸ್ಮಿಕವಲ್ಲ. ದೇವಾಲಯಗಳ ಉತ್ಸವಗಳು ಮುಗಿದು ಆಟಗಳು ನಿಂತ ಆ ತಿಂಗಳುಗಳಲ್ಲಿ ದಣಿದ ದೇಹಕ್ಕೆ ಚೇತರಿಕೆಯೂ ಎಳೆಯ ದೇಹಕ್ಕೆ ಸಂಸ್ಕಾರವೂ ಒದಗುತ್ತಿದ್ದುವು. ನಮ್ಮ ಕರಾವಳಿಯಲ್ಲಿಯೂ ಮಳೆಗಾಲಕ್ಕೆ ಮುನ್ನ ಬರುವ ಪತ್ತನಾಜೆಯಂದು ಗೆಜ್ಜೆ ಬಿಚ್ಚಿದ ಯಕ್ಷಗಾನ ಮೇಳಗಳು ಮಳೆ ಕಳೆದ ಮೇಲೆಯೇ ಮರಳಿ ತಿರುಗಾಟಕ್ಕೆ ಹೊರಡುತ್ತಿದ್ದುವು. ತಿಂಗಳುಗಟ್ಟಲೆ ನಿದ್ದೆಗೆಟ್ಟು ಧಿಗಿಣವೆಂಬ ನೆಗೆತಗಳನ್ನು ಹಾರಿದ ಕಾಲುಗಳಿಗೆ ಋತುಧರ್ಮವೇ ವಿಶ್ರಾಂತಿಯನ್ನು ವಿಧಿಸಿದ್ದಿತು.

ಹಳೆಯದೆಲ್ಲವೂ ನಿರ್ದೋಷವೆಂದು ನಾನು ಹೇಳಲಾರೆ. ಉಳಿಚ್ಚಿಲ್ ಎಳೆಯರಿಗೆ ಕಣ್ಣೀರು ತರಿಸುವಷ್ಟು ನೋವಿನದು. ಆ ಶಿಕ್ಷಣದ ಕಾಠಿಣ್ಯವು ಎಲ್ಲ ದೇಹಗಳಿಗೂ ಸಮನಾಗಿ ಹಿತವಾಗಿರಲಾರದು. ಆದರೂ ಅದರ ಸಾರವು ಉಳಿಯಬೇಕಾದುದೇ: ಕವಿ ವಳ್ಳತ್ತೋಳ್ ನಾರಾಯಣ ಮೇನೋನರು ಮುಕುಂದ ರಾಜರೊಡನೆ 1930ರಲ್ಲಿ ಸ್ಥಾಪಿಸಿದ ಕೇರಳ ಕಲಾಮಂಡಲವು, ಪಟ್ಟಿಕ್ಕಾಂತೊಡಿ ರಾವುಣ್ಣಿ ಮೇನೋನರಂಥ ಆಚಾರ್ಯರನ್ನು ಕರೆತಂದು, ಕ್ಷೀಣಿಸುತ್ತಿದ್ದ ಈ ಶಿಕ್ಷಣಕ್ರಮವನ್ನು ಉಳಿಸಿಕೊಟ್ಟಿತು. ಆ ಉಪಕಾರವನ್ನು ಸ್ಮರಿಸುವವರು ಅದರ ತತ್ತ್ವವನ್ನೂ ಗ್ರಹಿಸಬೇಕು. ಗಟ್ಟಿ ಸಿಮೆಂಟು ನೆಲದ ಮೇಲೆ ಮಕ್ಕಳನ್ನು ಕುಣಿಸಿ, ಮೈ ಪಳಗುವ ಮುನ್ನವೇ ರಂಗಪ್ರವೇಶಕ್ಕೆ ಆತುರಪಡುವ ಇಂದಿನ ನಮ್ಮ ನಾಟ್ಯಶಾಲೆಗಳು, ಗುರುವಿನ ಅನುಭವವನ್ನೂ ವೈದ್ಯನ ಶಾಸ್ತ್ರವನ್ನೂ ಒಂದುಗೂಡಿಸಿ, ಸಿದ್ಧತೆಗೆ ಕಾಲವನ್ನೂ ವಿಶ್ರಾಂತಿಗೆ ಋತುವನ್ನೂ ಪಾಠಕ್ರಮದಲ್ಲಿಯೇ ಮೀಸಲಿಡುವುದು ಅತ್ಯಾವಶ್ಯಕ. ಏಕೆಂದರೆ ವೀಣೆಯೊಡೆದರೆ ವೈಣಿಕನಿಗೆ ಬೇರೊಂದು ವೀಣೆ ದೊರೆತೀತು, ನರ್ತಕನಿಗೆ ಬೇರೊಂದು ದೇಹ ದೊರೆಯದು.