ಜಲಾಂತರ್ಗಾಮಿಯ ಎರಡು ಆಯುಧಗಳು: ಟಾರ್ಪೆಡೊ ಮತ್ತು ಕ್ಷಿಪಣಿ

ಟಾರ್ಪೆಡೊ ಎಂಬುದು ಮೊದಲು ಒಂದು ಮೀನಿನ ಹೆಸರಾಗಿದ್ದಿತು. ಮುಟ್ಟಿದವರಿಗೆ ಜೋಮು ಹಿಡಿಸುವ ಆ ಮೀನಿಗೆ ಲ್ಯಾಟಿನ್ ಭಾಷೆಯ ಜಡತ್ವವಾಚಕ ಧಾತುವಿನಿಂದ ಈ ಹೆಸರು ಹುಟ್ಟಿತು. 1866ರಲ್ಲಿ ರಾಬರ್ಟ್ ವೈಟ್‌ಹೆಡ್ ಎಂಬ ಇಂಗ್ಲಿಷ್ ಯಂತ್ರಶಿಲ್ಪಿಯು ಫಿಯೂಮ್ ಪಟ್ಟಣದಲ್ಲಿ ನೀರಿನೊಳಗೆ ತಾನಾಗಿ ಚಲಿಸುವ ಆಯುಧವನ್ನು ನಿರ್ಮಿಸಿದ ಮೇಲೆ ಅದು ಆಯುಧಕ್ಕೇ ರೂಢವಾಯಿತು. ನೌಕಾಭೇದಕ ಕ್ಷಿಪಣಿಯ ಖ್ಯಾತಿಯಾದರೋ 1967ರ ಅಕ್ಟೋಬರ್ 21ರಂದು, ಈಜಿಪ್ಟಿನ ದೋಣಿಗಳು ಇಸ್ರೇಲಿನ ಐಲಾತ್ ನೌಕೆಯನ್ನು ಪಿ-15 ಕ್ಷಿಪಣಿಗಳಿಂದ ಮುಳುಗಿಸಿದಾಗ ಮೊದಲಾಯಿತು. ಟಾರ್ಪೆಡೊವಿನ ಕಾಲ ತೀರಿತೆಂಬ ಮಾತು ಅಂದಿನಿಂದ ಕೇಳಿಬರುತ್ತಿದೆ. ಇತಿಹಾಸವು ಆ ಮಾತಿಗೆ ಒಪ್ಪುವುದಿಲ್ಲ.

1971ರ ಡಿಸೆಂಬರ್ 4ರ ರಾತ್ರಿ ಭಾರತದ ಕ್ಷಿಪಣಿದೋಣಿಗಳು ಕರಾಚಿಯ ಬಳಿ ಅದೇ ಪಿ-15ರಿಂದ ಪಾಕಿಸ್ತಾನದ ಖೈಬರ್ ನೌಕೆಯನ್ನು ಮುಳುಗಿಸಿದುವು. ಐದೇ ದಿನಗಳಲ್ಲಿ, ಡಿಸೆಂಬರ್ 9ರ ರಾತ್ರಿ, ಹಂಗೋರ್ ಎಂಬ ಪಾಕಿಸ್ತಾನದ ಜಲಾಂತರ್ಗಾಮಿಯು ದೀವ್ ಸಮೀಪದಲ್ಲಿ ಖುಕ್ರಿ ನೌಕೆಯ ಮೇಲೆ ಟಾರ್ಪೆಡೊ ಬಿಟ್ಟಿತು. ನೌಕೆಯು ಕೆಲವೇ ನಿಮಿಷಗಳಲ್ಲಿ ಮುಳುಗಿತು. 18 ಮಂದಿ ಅಧಿಕಾರಿಗಳೂ 176 ಮಂದಿ ನಾವಿಕರೂ ಮಡಿದರು. ನಾಯಕ ಮಹೇಂದ್ರನಾಥ ಮುಲ್ಲಾ ಅವರು ನೌಕೆಯನ್ನು ಬಿಟ್ಟು ಬರಲಿಲ್ಲ.

1982ರ ಫಾಕ್ಲೆಂಡ್ ಯುದ್ಧದಲ್ಲಿ ಈ ತಾರತಮ್ಯವು ಇನ್ನೂ ಸ್ಪಷ್ಟವಾಗಿದೆ. ಮೇ 2ರಂದು ಬ್ರಿಟನ್ನಿನ ಕಾಂಕರರ್ ಎಂಬ ಜಲಾಂತರ್ಗಾಮಿಯು ಅರ್ಜೆಂಟೀನದ ಜನರಲ್ ಬೆಲ್‌ಗ್ರಾನೊ ನೌಕೆಯ ಮೇಲೆ ಮೂರು ಟಾರ್ಪೆಡೊಗಳನ್ನು ಬಿಟ್ಟಿತು, ಎರಡು ತಗುಲಿದುವು. ಹೊಸ ಬಗೆಯ ಟಾರ್ಪೆಡೊಗಳಿದ್ದರೂ ನಾಯಕನು ನಂಬಿದ್ದು 1920ರ ದಶಕದ ವಿನ್ಯಾಸದ ಹಳೆಯ ಮಾರ್ಕ್ 8 ಅನ್ನು! 323 ಮಂದಿ ಪ್ರಾಣ ಬಿಟ್ಟರು. ಎರಡು ದಿನಗಳ ತರುವಾಯ ವಿಮಾನದಿಂದ ಬಂದ ಎಕ್ಸೊಸೆಟ್ ಕ್ಷಿಪಣಿಯು ಶೆಫೀಲ್ಡ್ ನೌಕೆಗೆ ಬಡಿದು 20 ಮಂದಿ ಸತ್ತರು. ಉರಿದ ನೌಕೆಯು ಮಾತ್ರ ಮೇ 10ರವರೆಗೂ ತೇಲುತ್ತಿದ್ದು, ಎಳೆದೊಯ್ಯುವಾಗ ಮುಳುಗಿತು.

ಕಾರಣವು ಗಹನವಲ್ಲ. ಕ್ಷಿಪಣಿಯು ನೀರಿನ ಮೇಲುಭಾಗಕ್ಕೆ ತಗುಲಿ ಬೆಂಕಿಯೆಬ್ಬಿಸುತ್ತದೆ. ಟಾರ್ಪೆಡೊ ನೀರಿನ ಕೆಳಗೆ ಒಡೆದು ಕಡಲನ್ನೇ ಒಳಕ್ಕೆ ಬಿಡುತ್ತದೆ. ಅಡಿಯಲ್ಲಿ ಸಿಡಿದರಂತೂ ನೌಕೆಯ ಬೆನ್ನೆಲುಬೇ ಮುರಿಯುತ್ತದೆ. ಆದರೂ ಕ್ಷಿಪಣಿಯು ಮುಳುಗಿಸಲಾರದೆನ್ನುವುದು ಅತಿವ್ಯಾಪ್ತಿಯೇ ಸರಿ. ಐಲಾತ್, ಖೈಬರ್ ನೌಕೆಗಳೇ ಇದಕ್ಕೆ ಸಾಕ್ಷಿ.

ಹಾಗಾದರೆ ಜಲಾಂತರ್ಗಾಮಿಗೆ ಕ್ಷಿಪಣಿಯೇಕೆ? ದೂರ ಮತ್ತು ವೇಗಗಳಿಗಾಗಿ. ಸೋವಿಯೆತ್ ದೇಶದ ಮೊದಲ ಕ್ಷಿಪಣಿವಾಹಕ ಜಲಾಂತರ್ಗಾಮಿಗಳು ನೀರಿನ ಮೇಲೆ ಬಂದೇ ಕ್ಷಿಪಣಿ ಬಿಡಬೇಕಾಗಿದ್ದಿತು. 1960ರ ದಶಕದ ಕೊನೆಯಲ್ಲಿ ಬಂದ ಚಾರ್ಲಿ ವರ್ಗವು ಮುಳುಗಿದ್ದಂತೆಯೇ ಬಿಡಬಲ್ಲುದಾಯಿತು. 1988ರಿಂದ 1991ರವರೆಗೆ ಭಾರತದ ಬಳಿಯಿದ್ದ ಚಕ್ರ ಈ ವರ್ಗದ್ದೇ. ಆದರೆ ಕಡಲನ್ನು ಸೀಳಿ ಮೇಲೇಳುವ ಕ್ಷಿಪಣಿಯು ಬಿಟ್ಟವನ ನೆಲೆಯನ್ನು ತೋರಿಸಿಕೊಡುತ್ತದೆ. ದಿಗಂತದಾಚೆಯ ಗುರಿಯನ್ನು ಬೇರೊಬ್ಬರು ತಿಳಿಸಬೇಕಾಗುವುದೂ ಉಂಟು. ಅಡಗಿರುವುದೇ ಬಲವಾದವನಿಗೆ ಇದು ಅಲ್ಪ ನಷ್ಟವಲ್ಲ.

ಅಗ್ನಿಪುರಾಣದ ಧನುರ್ವೇದಪ್ರಕರಣದ ವಿಭಾಗದಂತೆ ಎರಡೂ ಯಂತ್ರಮುಕ್ತಗಳೇ. ಆದರೆ ತಂತಿಯ ಮೂಲಕ ಬಿಟ್ಟವನ ಕೈಯಲ್ಲೇ ಉಳಿಯುವ ಟಾರ್ಪೆಡೊವಿಗೆ, ಮೂಲದ ಅರ್ಥ ಬೇರೆಯಾದರೂ, ಮುಕ್ತಸಂಧಾರಿತವೆಂಬ ಹೆಸರು ಚೆನ್ನಾಗಿ ಒಪ್ಪುತ್ತದೆ. 2017ರಲ್ಲಿ ಭಾರತದ ನೌಕಾಪಡೆಗೆ ಸೇರಿದ ಕಲ್ವರಿಯಲ್ಲಿ ಟಾರ್ಪೆಡೊ, ಎಕ್ಸೊಸೆಟ್ ಎರಡೂ ಹೊರಡುವುದು ಅವೇ ಆರು ಕೊಳವೆಗಳಿಂದ.