ನಮ್ಮ ಸೀಮೆಯ ಬರೆಹಗಾರರು ಮತ್ತು ಅವರವರ ನಡಿಗೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ನಮ್ಮ ಭಾಗದ ಸಾಹಿತ್ಯ ಚರಿತ್ರೆಯ ಬಗ್ಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ನಾನು ಈ ಶಾಲೆಯ ಮೊದಲ ತಂಡಗಳಲ್ಲಿ ಓದಿದವನು. ಆಮೇಲೆ ಜಿಲ್ಲೆಯ ಬೇರೆ ಬೇರೆ ಸರ್ಕಾರಿ ಪ್ರೌಢಶಾಲೆಗಳಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಹಾಗಾಗಿ ಸಂತೋಷದಿಂದಲೇ ಒಪ್ಪಿಕೊಂಡೆ. ಕವಿಗಳ ಹೆಸರು, ಕಾಲ, ಕೃತಿಗಳ ಪಟ್ಟಿಯನ್ನು ಬರೆಯುವುದು ಸುಲಭ. ಅಂಥ ಪಟ್ಟಿಯನ್ನು ಮಕ್ಕಳು ಪರೀಕ್ಷೆಗೆ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ದಿನವೇ ಮರೆಯುತ್ತಾರೆ. ಆದ್ದರಿಂದ ನಮ್ಮ ಹಿರಿಯರು ಏನು ಬರೆದರು ಎಂಬುದರ ಜೊತೆಗೆ ಎಷ್ಟು ಕಾಲ ತೆಗೆದುಕೊಂಡು ಬರೆದರು, ಸುತ್ತಲಿನವರ ನಡುವೆ ತಮ್ಮ ದಾರಿಯನ್ನು ಹೇಗೆ ಹಿಡಿದರು ಎಂಬುದನ್ನೂ ಇಲ್ಲಿ ಹೇಳಬೇಕೆಂದಿದ್ದೇನೆ.

ಇದಕ್ಕೆ ಕಾರಣವಿದೆ. ಎಂಟನೇ ತರಗತಿಯಲ್ಲಿ ಗೋಡೆ ಪತ್ರಿಕೆಗೆ ಬರೆಯಲು ಕೈ ಎತ್ತುವ ಮಕ್ಕಳು ಬಹಳ. ಹತ್ತನೇ ತರಗತಿಗೆ ಬರುವಷ್ಟರಲ್ಲಿ ಇಬ್ಬರೋ ಮೂವರೋ ಉಳಿದಿರುತ್ತಾರೆ. ಪಬ್ಲಿಕ್ ಪರೀಕ್ಷೆಯ ಭಯ ಒಂದು ಕಾರಣವಿರಬಹುದು. ಆದರೆ ನನ್ನ ಕಿವಿಗೆ ಹೆಚ್ಚು ಸಲ ಬಿದ್ದ ಮಾತು ಬೇರೆ: "ಅವಳ ಥರ ನನಗೆ ಬರೆಯೋಕೆ ಬರಲ್ಲ ಸಾರ್." ಒಬ್ಬ ಹುಡುಗಿ ತನ್ನ ಅಜ್ಜಿ ಹೇಳುತ್ತಿದ್ದ ಸೋಬಾನೆ ಪದಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಅಜ್ಜಿಗೆ ನೆನಪಾದಾಗ ಒಂದು ಪದ, ಒಂದು ಚರಣ. ವರ್ಷಕ್ಕೆ ಏಳೆಂಟು ಪುಟವಾಗಿತ್ತು. ಅದೇ ವರ್ಷ ಅವಳ ಗೆಳತಿಗೆ ಕವನ ಸ್ಪರ್ಧೆಯಲ್ಲಿ ಬಹುಮಾನ ಬಂತು. ಗೆಳತಿ ವಾರಕ್ಕೆರಡು ಕವನ ಬರೆಯುವವಳು. ಇವಳು ನೋಟ್‌ಬುಕ್ ತಂದು ನನ್ನ ಮೇಜಿನ ಮೇಲಿಟ್ಟು, "ನಂದು ಮುಗಿಯೋದೇ ಇಲ್ಲ ಸಾರ್, ಸಾಕು" ಎಂದಳು. ಎಷ್ಟು ಹೇಳಿದರೂ ಕೇಳಲಿಲ್ಲ. ಮರುವರ್ಷ ಅಜ್ಜಿ ತೀರಿಕೊಂಡರು. ಬರೆಯದೆ ಉಳಿದ ಪದಗಳು ಅವರ ಜೊತೆಗೇ ಹೋದವು. ಇನ್ನೊಬ್ಬರ ವೇಗವನ್ನು ನೋಡಿ ನಮ್ಮ ಲೇಖನಿಯನ್ನು ಕೆಳಗಿಟ್ಟರೆ ನಷ್ಟವಾಗುವುದು ನಮಗೊಬ್ಬರಿಗೇ ಅಲ್ಲ ಎಂಬುದಕ್ಕೆ ಇಷ್ಟು ಸಾಕು.

ಇನ್ನು ಚರಿತ್ರೆಗೆ ಬರೋಣ.

ಗುಬ್ಬಿ

ಗುಬ್ಬಿ ಎಂದ ಕೂಡಲೇ ನಾಡಿನವರಿಗೆ ನೆನಪಾಗುವುದು 1884ರಲ್ಲಿ ಹುಟ್ಟಿದ ನಾಟಕ ಕಂಪನಿ ಮತ್ತು ಗುಬ್ಬಿ ವೀರಣ್ಣನವರು. ಆ ಕಂಪನಿ ಹುಟ್ಟುವುದಕ್ಕೆ ಮುನ್ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಇದೇ ಊರಿನ ಹೆಸರನ್ನು ತನ್ನ ಹೆಸರಿನ ಜೊತೆ ಸೇರಿಸಿಕೊಂಡ ಕವಿಯೊಬ್ಬನಿದ್ದ. ಅವನೇ ಗುಬ್ಬಿಯ ಮಲ್ಲಣಾರ್ಯ. ಅವನ ಮುಖ್ಯ ಕೃತಿಗಳು ಎರಡು. 'ಭಾವಚಿಂತಾರತ್ನ' 1513ರಲ್ಲಿ ರಚಿತವಾಯಿತು. 'ವೀರಶೈವಾಮೃತ ಪುರಾಣ' 1530ರಲ್ಲಿ ಮುಗಿಯಿತು. ನಡುವೆ ಹದಿನೇಳು ವರ್ಷ.

ಈ ಹದಿನೇಳು ವರ್ಷ ಎಂಥ ಕಾಲ ಎಂಬುದನ್ನು ಗಮನಿಸಬೇಕು. ವಿಜಯನಗರದಲ್ಲಿ ಕೃಷ್ಣದೇವರಾಯ ಪಟ್ಟಕ್ಕೆ ಬಂದದ್ದು 1509ರಲ್ಲಿ, ತೀರಿಕೊಂಡದ್ದು 1529ರಲ್ಲಿ. ಅಂದರೆ ಮಲ್ಲಣಾರ್ಯನ ಒಂದು ಕೃತಿಗೂ ಇನ್ನೊಂದು ಕೃತಿಗೂ ನಡುವೆ ಆ ಚಕ್ರವರ್ತಿಯ ಆಳ್ವಿಕೆಯ ಬಹುಪಾಲು ಮುಗಿದುಹೋಗಿತ್ತು. ಅದೇ ಕಾಲದಲ್ಲಿ ಅರಮನೆಯ ಆಶ್ರಯದಲ್ಲಿ ತಿಮ್ಮಣ್ಣ ಕವಿ, ಕುಮಾರವ್ಯಾಸ ಹತ್ತು ಪರ್ವಗಳಿಗೆ ನಿಲ್ಲಿಸಿದ್ದ ಭಾರತವನ್ನು ಮುಂದುವರಿಸಿ ಪೂರ್ತಿ ಮಾಡಿದ. ಅರಸನೇ ಸ್ವತಃ ತೆಲುಗಿನಲ್ಲಿ ಕಾವ್ಯ ಬರೆದ. ಪುರಂದರದಾಸರು ಹಾಡುತ್ತಿದ್ದರು. ರಾಜಧಾನಿಯಲ್ಲಿ ಇಷ್ಟೆಲ್ಲ ನಡೆಯುತ್ತಿದ್ದಾಗ ಮಲ್ಲಣಾರ್ಯ ಮಾತ್ರ ತನ್ನ ಎರಡನೆಯ ಕೃತಿಗೆ ಹದಿನೇಳು ವರ್ಷದ ಅಂತರ ಕೊಟ್ಟ. ಆ ವರ್ಷಗಳು ವ್ಯರ್ಥವಾಗಲಿಲ್ಲ. ವೀರಶೈವಾಮೃತ ಪುರಾಣ ಸಾವಿರಾರು ಷಟ್ಪದಿಗಳ ಬೃಹತ್ ಗ್ರಂಥ. ಶೈವ ಪುರಾಣಗಳು, ಶಿವನ ಲೀಲೆಗಳು, ಶರಣರ ಕಥೆಗಳು ಎಲ್ಲವನ್ನೂ ಒಂದು ಕಣಜದಲ್ಲಿ ತುಂಬಿದ ಹಾಗಿದೆ. ಕಣಜ ತುಂಬುವುದಕ್ಕೆ ಹಲವು ಸುಗ್ಗಿಗಳೇ ಬೇಕು.

ಇನ್ನೊಂದು ಸಂಗತಿಯೂ ಇದೆ. ಭಾವಚಿಂತಾರತ್ನ ಹೇಳುವುದು ಸತ್ಯೇಂದ್ರ ಚೋಳನ ಕಥೆಯನ್ನು. ಹದಿನೇಳನೆಯ ಶತಮಾನದ ಮಧ್ಯದಲ್ಲಿ ಷಡಕ್ಷರಿ ಕವಿ ಇದೇ ಕಥೆಯನ್ನು ಎತ್ತಿಕೊಂಡು 'ರಾಜಶೇಖರ ವಿಳಾಸ' ಎಂಬ ಚಂಪೂ ಕಾವ್ಯ ಬರೆದ. ಇಂದು ಹೆಚ್ಚು ಜನಕ್ಕೆ ಗೊತ್ತಿರುವುದು ಷಡಕ್ಷರಿಯ ಕಾವ್ಯವೇ. ಹಾಗೆಂದು ಮಲ್ಲಣಾರ್ಯ ಸಣ್ಣವನಾದನೆ? ಅವನು ಹಾಕಿದ ದಾರಿಯಲ್ಲಿ ಇನ್ನೊಬ್ಬ ನಡೆದ. ಯಾರ ಹೆಸರು ಹೆಚ್ಚು ದಿನ ಉಳಿಯುತ್ತದೆ ಎಂಬ ಲೆಕ್ಕ ಹಾಕಿ ಕುಳಿತಿದ್ದರೆ ಮೊದಲನೆಯ ಕಾವ್ಯವೂ ಇಲ್ಲ, ಎರಡನೆಯದೂ ಇಲ್ಲ.

ಕುಣಿಗಲ್ ಮತ್ತು ಎಡೆಯೂರು

ಕುಣಿಗಲ್ಲಿಗೆ ಕೆರೆಯ ಪದದಿಂದ ಹೆಸರು ಬಂದಿದೆ, ಓಟದ ಕುದುರೆಗಳನ್ನು ಸಾಕುವ ಫಾರಂನಿಂದಲೂ ಬಂದಿದೆ. ಅದೇ ತಾಲ್ಲೂಕಿನ ಕಗ್ಗೆರೆ ಮತ್ತು ಎಡೆಯೂರುಗಳು ಮಾತ್ರ ಕುಳಿತಲ್ಲಿಂದ ಕದಲದ ಒಬ್ಬರ ನೆನಪಿನ ಊರುಗಳು. ಕಗ್ಗೆರೆಯ ತೋಟದಲ್ಲಿ ತಪಸ್ಸಿಗೆ ಕುಳಿತವರ ಸುತ್ತ ಹುತ್ತ ಬೆಳೆಯಿತು, ಹಸು ಬಂದು ಹುತ್ತಕ್ಕೆ ಹಾಲು ಕರೆಯಿತು ಎಂದು ನಮ್ಮ ಜನ ಇಂದಿಗೂ ಹೇಳುತ್ತಾರೆ. ತೋಟದಲ್ಲಿ ಕುಳಿತದ್ದರಿಂದ ಅವರು ತೋಂಟದ ಸಿದ್ಧಲಿಂಗರಾದರು. ಎಡೆಯೂರಿನ ಗದ್ದುಗೆಗೆ ಕೈ ಮುಗಿಯುವವರಲ್ಲಿ ಅವರು ಒಬ್ಬ ಬರೆಹಗಾರರೂ ಆಗಿದ್ದರು ಎಂಬುದು ಎಲ್ಲರಿಗೂ ಗೊತ್ತಿಲ್ಲ.

ಅವರ 'ಷಟ್‌ಸ್ಥಲ ಜ್ಞಾನಸಾರಾಮೃತ' ದಲ್ಲಿ 701 ವಚನಗಳಿವೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ವಚನ ಬರೆದರು. ಆಮೇಲೆ ಸುಮಾರು ಮುನ್ನೂರು ವರ್ಷ ವಚನದ ಬೆಳೆ ಬಹಳ ತೆಳುವಾಯಿತು. ಕವಿಗಳು ರಗಳೆಗೂ ಷಟ್ಪದಿಗೂ ಹೋದರು. ಹದಿನೈದನೆಯ ಶತಮಾನದಲ್ಲಿ ಚಾಮರಸನು ಅಲ್ಲಮನ ಚರಿತೆಯನ್ನೇ ಷಟ್ಪದಿಯಲ್ಲಿ ಹಾಡಿ 'ಪ್ರಭುಲಿಂಗಲೀಲೆ' ಎಂದು ಕರೆದ. ಕಾಲದ ಗಾಳಿ ಆ ಕಡೆಗೆ ಬೀಸುತ್ತಿದ್ದಾಗ ಸಿದ್ಧಲಿಂಗರು ವಚನವನ್ನೇ ಆರಿಸಿಕೊಂಡರು. ಮುಂದೆ ಅಲ್ಲಮ, ಬಸವಣ್ಣ, ಅಕ್ಕಮಹಾದೇವಿಯರಂಥ ಮೇರುಗಳಿದ್ದಾರೆ, ಅವರ ಮುಂದೆ ನಮ್ಮದೇನು ಎಂದು ಅವರು ಹಿಂಜರಿಯಲಿಲ್ಲ. ಅವರಂತೆಯೇ ಬರೆಯಲೂ ಹೋಗಲಿಲ್ಲ. ಶರಣರ ವಚನಗಳು ಆಯಾ ಹೊತ್ತಿನ ಅನುಭವದಿಂದ ಬಿಡಿಬಿಡಿಯಾಗಿ ಬಂದವು. ಸಿದ್ಧಲಿಂಗರು ಆರು ಸ್ಥಲಗಳ ಕ್ರಮ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದರು. ಅವರ ನಂತರ ಘನಲಿಂಗಿದೇವ, ಸ್ವತಂತ್ರ ಸಿದ್ಧಲಿಂಗ ಮೊದಲಾದವರು ವಚನ ಬರೆಯಲು ಮುಂದಾದರು. ಒಣಗಿದ್ದ ಕೆರೆಗೆ ಮತ್ತೆ ನೀರು ಬಂದಂತಾಯಿತು.

ಗೂಳೂರು

ತುಮಕೂರು ನಗರದಿಂದ ಕುಣಿಗಲ್ ರಸ್ತೆ ಹಿಡಿದರೆ ಸ್ವಲ್ಪ ದೂರದಲ್ಲೇ ಗೂಳೂರು. ನಮ್ಮ ಮಕ್ಕಳಿಗೆ ಗೂಳೂರು ಗಣಪತಿ ಗೊತ್ತು. ಬೇರೆಲ್ಲ ಕಡೆ ಚೌತಿಯ ದಿನ ಗಣಪತಿಯನ್ನು ಕೂರಿಸಿದರೆ, ಗೂಳೂರಿನಲ್ಲಿ ಆ ದಿನ ಮಣ್ಣಿನ ಕೆಲಸ ಶುರುವಾಗುತ್ತದೆ. ಕೆಲಸ ದೀಪಾವಳಿಯವರೆಗೂ ಸಾಗುತ್ತದೆ. ಪೂಜೆ ಕಾರ್ತೀಕದಲ್ಲಿ. ಊರೂರಿನ ಗಣಪತಿಗಳು ನೀರಿಗೆ ಹೋದ ಮೇಲೂ ಇಲ್ಲಿ ಮಣ್ಣು ಮೆತ್ತುತ್ತಲೇ ಇರುತ್ತಾರೆ. ತಡವಾಯಿತೆಂದು ಯಾರೂ ಗೊಣಗುವುದಿಲ್ಲ. ಅದೇ ಅಲ್ಲಿಯ ಸಮಯ.

ಈ ಊರಿನ ಹೆಸರು ಹೊತ್ತವನು ಗೂಳೂರು ಸಿದ್ಧವೀರಣ್ಣೊಡೆಯ. ತೋಂಟದ ಸಿದ್ಧಲಿಂಗರ ಶಿಷ್ಯ ಪರಂಪರೆಗೆ ಸೇರಿದವನು. ಅವನು ಸಿದ್ಧಪಡಿಸಿದ್ದು 'ಶೂನ್ಯಸಂಪಾದನೆ'. ಶರಣರ ವಚನಗಳನ್ನು ಆರಿಸಿ, ಅವರು ಅನುಭವ ಮಂಟಪದಲ್ಲಿ ಎದುರೆದುರು ಕುಳಿತು ಮಾತಾಡುತ್ತಿರುವಂತೆ ಜೋಡಿಸಿದ ಗ್ರಂಥ ಅದು. ಸ್ವಾರಸ್ಯವೇನೆಂದರೆ, ಅವನು ಕೈ ಹಾಕುವ ಹೊತ್ತಿಗೆ ಆ ಗ್ರಂಥ ಆಗಲೇ ಮೂರು ಸಲ ಸಿದ್ಧವಾಗಿತ್ತು. ಮೊದಲು ಶಿವಗಣಪ್ರಸಾದಿ ಮಹದೇವಯ್ಯ, ಆಮೇಲೆ ಹಲಗೆಯಾರ್ಯ, ಆಮೇಲೆ ಗುಮ್ಮಳಾಪುರದ ಸಿದ್ಧಲಿಂಗ. ಮೂವರು ಮಾಡಿ ಮುಗಿಸಿದ ಕೆಲಸ, ಇನ್ನು ನನಗೇನು ಉಳಿದಿದೆ ಎಂದು ಸಿದ್ಧವೀರಣ್ಣೊಡೆಯ ಸುಮ್ಮನಿರಬಹುದಿತ್ತು. ಅವನು ಮೂರನ್ನೂ ಅರಗಿಸಿಕೊಂಡು, ಸಂದರ್ಭಗಳನ್ನು ಮರುಜೋಡಿಸಿ, 1,500ಕ್ಕೂ ಹೆಚ್ಚು ವಚನಗಳ ನಾಲ್ಕನೆಯ ಸಂಪಾದನೆಯನ್ನು ಕೊಟ್ಟ. ಹೆಚ್ಚು ಪ್ರಚಾರಕ್ಕೆ ಬಂದದ್ದು ಇದೇ. ಫ. ಗು. ಹಳಕಟ್ಟಿಯವರು 1930ರಲ್ಲಿ ಅಚ್ಚು ಹಾಕಿಸಿದ್ದು ಇದನ್ನೇ. 1958ರಲ್ಲಿ ಸಂ. ಶಿ. ಭೂಸನೂರಮಠರು ಪರಿಷ್ಕರಿಸಿ ಪ್ರಕಟಿಸಿದ್ದೂ ಇದನ್ನೇ.

ಆ ಗ್ರಂಥದೊಳಗೆ ಆಯ್ದಕ್ಕಿ ಮಾರಯ್ಯನ ಪ್ರಸಂಗ ಬರುತ್ತದೆ. ಬಸವಣ್ಣನ ಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಬದುಕುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತರುತ್ತಾನೆ. ಹೆಂಡತಿ ಲಕ್ಕಮ್ಮ ಅದನ್ನು ಒಪ್ಪುವುದಿಲ್ಲ. ನಮ್ಮ ಅಳತೆಗೆ ಮೀರಿದ್ದು ನಮಗೆ ಬೇಡ, ತಂದಲ್ಲಿಗೇ ಹಾಕಿ ಬನ್ನಿ ಎಂದು ಕಳುಹಿಸುತ್ತಾಳೆ. ಪಾಠ ಹೇಳುವಾಗಲೆಲ್ಲ ನನಗೆ ಇದು ಬರೆಯುವವರಿಗೂ ಹೇಳಿದ ಮಾತೆಂದೇ ಅನ್ನಿಸುತ್ತಿತ್ತು. ಪಕ್ಕದವರ ರಾಶಿ ನೋಡಿ ನಾವೂ ರಾಶಿ ಹಾಕಲು ಹೊರಟರೆ ಬರುವುದು ನಮ್ಮ ದುಡಿಮೆಯ ಅಕ್ಕಿಯಲ್ಲ. ಅಳತೆ ಎಂದರೆ ಕಡಿಮೆ ಎಂದಲ್ಲ, ನಮ್ಮದು ಎಂದು. ಲಕ್ಕಮ್ಮ ಗಂಡನಿಗೆ ಕಾಯಕ ಬಿಟ್ಟು ಕುಳಿತುಕೋ ಎನ್ನಲಿಲ್ಲ ಎಂಬುದನ್ನೂ ಮರೆಯಬಾರದು. ನಿಧಾನವೆಂದರೆ ಸೋಮಾರಿತನವಲ್ಲ.

ಇತ್ತೀಚಿನವರು

ಹಳಬರ ಕಾಲ ಹಾಗಿತ್ತು, ಈಗ ನಡೆಯುವುದಿಲ್ಲ ಎನ್ನುವವರಿಗಾಗಿ ಇಬ್ಬರ ಮಾತು ಹೇಳುತ್ತೇನೆ. ಗುಬ್ಬಿ ದಾಟಿ ಮುಂದೆ ಹೋದರೆ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರ. ತೀ. ನಂ. ಶ್ರೀಕಂಠಯ್ಯನವರು 1906ರಲ್ಲಿ ಹುಟ್ಟಿದ ಮನೆತನದ ಊರು. 1932ರಲ್ಲಿ 'ಒಲುಮೆ' ಎಂಬ ಕವನ ಸಂಗ್ರಹ ತಂದರು. ಅದು ಕುವೆಂಪು, ಬೇಂದ್ರೆಯವರು ಮೇಲಿಂದ ಮೇಲೆ ಸಂಗ್ರಹಗಳನ್ನು ಕೊಡುತ್ತಿದ್ದ ಕಾಲ. ತೀನಂಶ್ರೀ ಅವರ ಸಮಕ್ಕೆ ಕವನ ಸಂಗ್ರಹ ಎಣಿಸಲು ಹೋಗಲಿಲ್ಲ. ಓದಿದರು, ಪಾಠ ಹೇಳಿದರು, ಶಾಸ್ತ್ರಗ್ರಂಥಗಳನ್ನು ಅರೆದು ಕುಡಿದರು. 1953ರಲ್ಲಿ 'ಭಾರತೀಯ ಕಾವ್ಯಮೀಮಾಂಸೆ' ಬಂತು. ನಡುವೆ ಇಪ್ಪತ್ತೊಂದು ವರ್ಷ. ಇಂದಿಗೂ ಕನ್ನಡ ಎಂ.ಎ. ಓದುವವರು ಆ ಪುಸ್ತಕದ ಬಾಗಿಲಿನಿಂದಲೇ ಒಳಗೆ ಹೋಗಬೇಕು.

ಇನ್ನೊಬ್ಬರು ತುಮಕೂರಿನಲ್ಲೇ ಅಧ್ಯಾಪಕರಾಗಿದ್ದು 2019ರಲ್ಲಿ ತೀರಿಕೊಂಡ ಕವಿ ಕೆ. ಬಿ. ಸಿದ್ದಯ್ಯ. ದಲಿತ ಚಳವಳಿಯಲ್ಲಿ ದುಡಿದವರು. ಅವರ ಸಮಕಾಲೀನರ ಹಾಡುಗಳು ಮೆರವಣಿಗೆಗಳಲ್ಲಿ ಮೊಳಗುತ್ತಿದ್ದವು. ಸಿದ್ದಯ್ಯನವರು ಹಿಡಿದದ್ದು ಖಂಡಕಾವ್ಯದ ದಾರಿ: 'ಬಕಾಲ', 'ದಕ್ಲಕಥಾದೇವಿ', 'ಅನಾತ್ಮ', 'ಗಲ್ಲೆಬಾನಿ'. ಒಂದು ಬದುಕಿಗೆ ಇಂಥ ನಾಲ್ಕು ಕಾವ್ಯ. ಅವರು ಹೋದ ಮೇಲೆ ದಕ್ಲಕಥಾದೇವಿ ರಂಗದ ಮೇಲೆ ಬಂದು ಹೊಸ ತಲೆಮಾರಿನವರನ್ನು ತಲುಪಿತು.

ಬೇಗ ಬರೆಯುವುದು ತಪ್ಪೆಂದು ನಾನು ಹೇಳುತ್ತಿಲ್ಲ. ನಮ್ಮಲ್ಲಿ ಹೊಳೆಯಂತೆ ಬರೆದು ಹಿರಿಯರಾದವರೂ ಇದ್ದಾರೆ. ವಾರಕ್ಕೆರಡು ಕವನ ಬರೆಯುವ ಮಗು ಹಾಗೆಯೇ ಬರೆಯಲಿ. ಹದಿನೇಳು ವರ್ಷ ಕಾದವನೂ, ಮೂವರ ನಂತರ ನಾಲ್ಕನೆಯವನಾಗಿ ಬಂದವನೂ ಒಂದೇ ಸೀಮೆಯ ನೀರು ಕುಡಿದವರು ಎಂಬುದನ್ನು ಮಾತ್ರ ನೆನಪಿಟ್ಟುಕೊಳ್ಳಬೇಕು. ನಿನ್ನೆ ಬರೆದದ್ದಕ್ಕಿಂತ ಇಂದು ಬರೆದದ್ದು ನಮಗೆ ಹೆಚ್ಚು ನಿಜವೆನಿಸಿದರೆ ಅಷ್ಟು ಮುಂದೆ ಬಂದೆವು ಎಂದೇ ಲೆಕ್ಕ.

ಶಾಲೆಗೆ ನನ್ನದೊಂದು ಸಣ್ಣ ಕೋರಿಕೆ. ಈ ಸುವರ್ಣ ವರ್ಷದ ನೆನಪಿಗೆ ಗ್ರಂಥಾಲಯದಲ್ಲಿ ಒಂದು ಬೀರುವನ್ನು ಮಕ್ಕಳ ನೋಟ್‌ಬುಕ್ಕುಗಳಿಗಾಗಿ ಇಡಲಿ. ಅಜ್ಜಿಯ ಪದ, ಊರಿನ ಕೆರೆಯ ಕಥೆ, ಜಾತ್ರೆಯ ವಿವರ, ಸ್ವಂತ ಕವನ, ಏನಾದರೂ ಸರಿ. ಅದಕ್ಕೆ ಬಹುಮಾನವೂ ಬೇಡ, ಕೊನೆಯ ದಿನಾಂಕವೂ ಬೇಡ. ಅರ್ಧ ಬರೆದದ್ದನ್ನು ಮಗು ಮುಂದಿನ ವರ್ಷ ಬಂದು ಮುಂದುವರಿಸಲಿ. ಶಾಲೆ ಬಿಟ್ಟು ಹೋದವರೂ ಬಂದು ಮುಂದುವರಿಸಲಿ. ಶತಮಾನೋತ್ಸವದ ಸಂಚಿಕೆಗೆ ಲೇಖನ ಬರೆಯುವವರಿಗೆ ಆ ಬೀರುವಿನಲ್ಲೇ ಸಾಮಗ್ರಿ ಸಿಗುವಂತಾಗಲಿ ಎಂದು ಹಾರೈಸುತ್ತೇನೆ.